ಟೂರ್ಮಲೀನ್ ಸೂತ್ರ: ಬಾಯಿಪಾಠ ಬೇಡ, ಕಟ್ಟಿ ನೋಡಿ

ಟೂರ್ಮಲೀನ್ ಎಂಬ ಖನಿಜದ ರಾಸಾಯನಿಕ ಸೂತ್ರವನ್ನು ಉರು ಹೊಡೆದು ಪರೀಕ್ಷೆ ಪಾಸಾದವರು ಬೇಕಾದಷ್ಟು ಮಂದಿ ಇದ್ದಾರೆ. ಪರೀಕ್ಷೆ ಮುಗಿದ ಮೇಲೂ ಅದನ್ನು ನೆನಪಿಟ್ಟುಕೊಂಡವರನ್ನು ಮಾತ್ರ ನಾನು ಕಂಡಿಲ್ಲ. ಮೈಸೂರಿನಲ್ಲಿ ಭೂವಿಜ್ಞಾನ ಕಲಿಸುವ ಕೆಲಸದಿಂದ ನಿವೃತ್ತಳಾದ ಮೇಲೂ ಎಂ.ಎಸ್ಸಿ. ಮಕ್ಕಳು ಈ ಖನಿಜದ ಗೋಳು ಹೇಳಿಕೊಂಡು ಮನೆಗೆ ಬರುವುದು ನಿಂತಿಲ್ಲ. ಸೋಡಿಯಂ, ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ, ಲಿಥಿಯಂ, ಮ್ಯಾಂಗನೀಸ್, ಅಲ್ಯೂಮಿನಿಯಂ, ಬೋರಾನ್, ಸಿಲಿಕಾನ್, ಫ್ಲೋರಿನ್ ಇಷ್ಟೆಲ್ಲ ಒಂದೇ ಕಲ್ಲಿನಲ್ಲಿ ಹೇಗೆ ಹಿಡಿಸುತ್ತದೆ ಮೇಡಂ ಎಂದು ಕೇಳುತ್ತಾರೆ. ಉತ್ತರವೆಲ್ಲ ಹರಳಿನ ಒಳಗಿನ ರಚನೆಯಲ್ಲಿದೆ. ಅದಕ್ಕಾಗಿ ನಾನು ಯಾವಾಗಲೂ ಮೊದಲು ಕಲ್ಲು, ಆಮೇಲೆ ಕಾಗದ, ಕೊನೆಗೆ ಲೆಕ್ಕ ಎಂಬ ಕ್ರಮದಲ್ಲೇ ಹೇಳಿಕೊಡುತ್ತೇನೆ. ಈ ಕ್ರಮವನ್ನು ತಿರುಗಿಸಬೇಡಿ.

ಕಲ್ಲನ್ನು ಕೈಯಲ್ಲಿ ಹಿಡಿಯಿರಿ

ನಮ್ಮ ಕಡೆ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯ ಸಿರೆಗಳಲ್ಲಿ ಕಾಣುವ ಟೂರ್ಮಲೀನ್ ಬಹುಪಾಲು ಕಪ್ಪು, ಅಂದರೆ ಕಬ್ಬಿಣ ತುಂಬಿದ ಶೋರ್ಲ್. ಬಿಳಿಯ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ನಡುವೆ ಕಪ್ಪು ಕಡ್ಡಿಗಳನ್ನು ಚುಚ್ಚಿಟ್ಟ ಹಾಗೆ ಕಾಣುತ್ತದೆ. ಕಪ್ಪು ಕಡ್ಡಿಗಳೆಲ್ಲ ಟೂರ್ಮಲೀನ್ ಅಲ್ಲ. ಹಾರ್ನ್‌ಬ್ಲೆಂಡ್ ಎಂಬ ಇನ್ನೊಂದು ಖನಿಜ ಕೂಡ ಹಾಗೆಯೇ ಇರುತ್ತದೆ. ಆದ್ದರಿಂದ ಮೊದಲು ಮುರಿದ ತುದಿಯನ್ನು ನೇರವಾಗಿ ನೋಡಿ. ಟೂರ್ಮಲೀನಿನ ಅಡ್ಡ ಕೊಯ್ತ ತ್ರಿಕೋನಾಕಾರ, ಬದಿಗಳು ಹೊರಕ್ಕೆ ಉಬ್ಬಿದ ತ್ರಿಕೋನ. ಈ ಆಕಾರ ಸಾಮಾನ್ಯ ಖನಿಜಗಳಲ್ಲಿ ಬೇರಾವುದಕ್ಕೂ ಇಲ್ಲ ಎಂದರೂ ನಡೆಯುತ್ತದೆ. ಬಳಿಕ ಉದ್ದದ ಮೇಲೆ ಉಗುರು ಎಳೆಯಿರಿ. ಹರಳಿನ ಉದ್ದಕ್ಕೂ ಸಣ್ಣ ಗೆರೆಗಳು ತಗಲುತ್ತವೆ. ಬೆಣಚುಕಲ್ಲಿನ ಹರಳಿನಲ್ಲಿ ಗೆರೆಗಳು ಅಡ್ಡಕ್ಕೆ ಇರುತ್ತವೆ, ಇದರಲ್ಲಿ ಉದ್ದಕ್ಕೆ. ಹಾರ್ನ್‌ಬ್ಲೆಂಡ್ ಒಡೆದರೆ ಸುಮಾರು 56 ಮತ್ತು 124 ಡಿಗ್ರಿ ಕೋನದಲ್ಲಿ ನಯವಾಗಿ ಸೀಳುತ್ತದೆ. ಟೂರ್ಮಲೀನಿಗೆ ಹೇಳಿಕೊಳ್ಳುವಂಥ ಸೀಳಿಕೆಯೇ ಇಲ್ಲ, ಅಡ್ಡಾದಿಡ್ಡಿ ಒಡೆಯುತ್ತದೆ, ಒಡೆದ ಮೈ ಗಾಜಿನಂತೆ ಹೊಳೆಯುತ್ತದೆ. ಹತ್ತರವರೆಗಿನ ಮೋಸ್ ಅಳತೆಯಲ್ಲಿ ಕಾಠಿಣ್ಯ 7ರಿಂದ 7.5. ಹಾರ್ನ್‌ಬ್ಲೆಂಡ್ 6ನ್ನು ದಾಟುವುದಿಲ್ಲ. ಬೆಣಚುಕಲ್ಲಿನ ಮೇಲೆ ಗೀರಿ ನೋಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಕಪ್ಪು ಕಾಗೆಬಂಗಾರವಂತೂ ಉಗುರಿಗೇ ಪದರ ಪದರವಾಗಿ ಏಳುತ್ತದೆ, ಅದರ ಗೊಂದಲ ಯಾರಿಗೂ ಬೇಡ.

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ 1,600 ಟನ್ ಲಿಥಿಯಂ ಇದೆಯೆಂಬ ಅಂದಾಜು ಪತ್ರಿಕೆಗಳಲ್ಲಿ ಬಂದ ಮೇಲೆ ಇನ್ನೊಂದು ತರಲೆ ಶುರುವಾಗಿದೆ. ಜಮೀನಿನಲ್ಲಿ ಕಪ್ಪು ಕಲ್ಲು ಸಿಕ್ಕವರು ಅದನ್ನು ತಂದು ಲಿಥಿಯಂ ಇದೆಯೇ ಎಂದು ಕೇಳುತ್ತಾರೆ. ಅಲ್ಲಿಯ ಲಿಥಿಯಂ ಇರುವುದು ಮುಖ್ಯವಾಗಿ ಸ್ಪೋಡುಮೀನ್ ಎಂಬ ಮಾಸಲು ಬಣ್ಣದ ಖನಿಜದಲ್ಲಿ. ಅದರ ತೂಕದಲ್ಲಿ ಹೆಚ್ಚೆಂದರೆ ಶೇ. 3.7ರಷ್ಟು ಲಿಥಿಯಂ. ಲಿಥಿಯಂ ಟೂರ್ಮಲೀನ್ ಆದ ಎಲ್ಬೈಟಿನಲ್ಲಿಯೂ ಆದರ್ಶ ಸೂತ್ರದ ಪ್ರಕಾರ ಶೇ. 1.1ರಷ್ಟೇ. ಕಡುಗಪ್ಪು ಶೋರ್ಲ್‌ನಲ್ಲಿ ಅದನ್ನು ಹುಡುಕಿ ಫಲವಿಲ್ಲ. ಏಕೆಂಬುದು ಮುಂದೆ ಸ್ಥಾನಗಳ ವಿಚಾರ ಬಂದಾಗ ಗೊತ್ತಾಗುತ್ತದೆ.

ಸೂಕ್ಷ್ಮದರ್ಶಕ ಇದ್ದವರಿಗೆ ಇನ್ನೊಂದು ಗುರುತಿದೆ. ತೆಳುಕೊಯ್ತವನ್ನು, ಅಂದರೆ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಬಿಲ್ಲೆಯನ್ನು, ಒಂದೇ ಧ್ರುವೀಕಾರಕದಡಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸೋಸುಕ) ಇಟ್ಟು ವೇದಿಕೆ ತಿರುಗಿಸಿ. ಕಾಗೆಬಂಗಾರದ ಜಾತಿಯ ಬಯೋಟೈಟ್ ತನ್ನ ಸೀಳುಗೆರೆ ಧ್ರುವೀಕಾರಕದ ದಿಕ್ಕಿಗೆ ಸಮಾಂತರವಾದಾಗ ಅತಿ ಕಪ್ಪಾಗುತ್ತದೆ. ಟೂರ್ಮಲೀನ್ ತದ್ವಿರುದ್ಧ, ತನ್ನ ಉದ್ದ ಆ ದಿಕ್ಕಿಗೆ ಲಂಬವಾದಾಗ ಕಪ್ಪಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಇದೊಂದು ಗೊತ್ತಿದ್ದರೆ ಸಾಕು, ಹೆಸರು ತಪ್ಪುವುದಿಲ್ಲ.

ಲಗ್ನಪತ್ರಿಕೆಯ ಉಂಗುರ

ಈಗ ಕಾಗದ. ಹಳೆಯ ಲಗ್ನಪತ್ರಿಕೆಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ, ದಪ್ಪವಾಗಿರುತ್ತವೆ, ಮಡಿಸಿದರೆ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಐದು ಸೆಂಟಿಮೀಟರ್ ಬದಿಯ ನಾಲ್ಕು ಸಮಬಾಹು ತ್ರಿಕೋನಗಳನ್ನು ಒಂದಕ್ಕೊಂದು ಅಂಟಿದಂತೆ ಬರೆದು ಕತ್ತರಿಸಿ ಮಡಿಸಿದರೆ ಒಂದು ಚತುಷ್ಫಲಕ. ಇಂಥವು ಆರು ಬೇಕು. ಒಂದೊಂದರ ನಡುವೆಯೂ ಒಂದು ಸಿಲಿಕಾನ್ ಇದೆ, ನಾಲ್ಕು ಮೂಲೆಗಳಲ್ಲಿ ಆಮ್ಲಜನಕವಿದೆ ಎಂದುಕೊಳ್ಳಿ. ಇದೇ ಅಳತೆಯಲ್ಲಿ ಎಂಟು ತ್ರಿಕೋನಗಳ ಅಷ್ಟಫಲಕಗಳನ್ನು ಮೂರು ಮಾಡಿ. ಬೇರೆ ಬಣ್ಣದ ಕಾಗದವಾದರೆ ಒಳ್ಳೆಯದು.

ಆರು ಚತುಷ್ಫಲಕಗಳನ್ನು ಮೇಜಿನ ಮೇಲೆ ಸುತ್ತ ಜೋಡಿಸಿ, ಪ್ರತಿಯೊಂದೂ ಎಡಬಲದವುಗಳ ಜೊತೆ ಬುಡದ ಒಂದೊಂದು ಮೂಲೆಯನ್ನು ಹಂಚಿಕೊಳ್ಳಲಿ. ಮೂಲೆಗೆ ಮೂಲೆ ಅಂಟಿಸಲು ಒಂದು ಹನಿ ಗೋಂದು ಸಾಕು. ಉಂಗುರ ಸಿದ್ಧವಾಯಿತು. ಒಂದು ಉಂಗುರದಲ್ಲಿ ಆರು ಸಿಲಿಕಾನ್, ಆಮ್ಲಜನಕ ಹದಿನೆಂಟು. ಇಪ್ಪತ್ನಾಲ್ಕು ಆಗಬೇಕಿತ್ತಲ್ಲ ಎಂದರೆ ಆರು ಮೂಲೆಗಳು ಹಂಚಿಕೆಯಾಗಿವೆ. ಸೂತ್ರದಲ್ಲಿ ಬರುವ ಆರು ಮತ್ತು ಹದಿನೆಂಟು ಎಂಬ ಜೋಡಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇಷ್ಟೇ ಉತ್ತರ.

ಇಲ್ಲೊಂದು ಕ್ಷಣ ನಿಲ್ಲಿ. ಪಚ್ಚೆಯ ವರ್ಗದ ಬೆರಿಲ್‌ನಲ್ಲಿಯೂ ಆರರ ಉಂಗುರವಿದೆ, ಆದರೆ ಅಲ್ಲಿ ಯಾವ ಮೊನೆಯೂ ಒಂದೇ ಕಡೆ ಬಾಗಿರುವುದಿಲ್ಲ, ಉಂಗುರದ ಮೇಲೂ ಕೆಳಗೂ ಒಂದೇ. ಟೂರ್ಮಲೀನಿನಲ್ಲಿ ಆರೂ ಮೊನೆಗಳು ಒಂದೇ ದಿಕ್ಕಿಗೆ ಚಾಚಿವೆ. ಹರಳಿನ ಎಲ್ಲ ಉಂಗುರಗಳಲ್ಲಿಯೂ ಅದೇ ದಿಕ್ಕು. ನಿಮ್ಮ ಉಂಗುರವನ್ನು ಮೊನೆ ಕೆಳಗಾಗುವಂತೆ ತಿರುಗಿಸಿ ಹಿಡಿದು ನೋಡಿ: ಮೇಲಿನ ಮೈ ಚಪ್ಪಟೆ, ಕೆಳಗಿನ ಮೈ ಮೊನಚು. ಈ ಹರಳಿಗೆ ಸಮಮಿತಿಯ ಕೇಂದ್ರವಿಲ್ಲ ಎಂದು ಪಠ್ಯದಲ್ಲಿ ಓದುವುದು ಇದನ್ನೇ. ಪೂರ್ತಿ ಬೆಳೆದ ಹರಳಿನ ಎರಡು ತುದಿಗಳು ಬೇರೆ ಬೇರೆ ಆಕಾರದಲ್ಲಿರುವುದಕ್ಕೂ ಕಾರಣ ಇದೇ.

ಮುಂದೆ, ಮೂರು ಅಷ್ಟಫಲಕಗಳನ್ನು ಪಕ್ಕಪಕ್ಕ ಅಂಚು ಹಂಚಿಕೊಂಡು ಮೂರಕ್ಕೂ ಒಂದು ಮೂಲೆ ಸಾಮಾನ್ಯವಾಗುವಂತೆ ಜೋಡಿಸಿ, ಉಂಗುರದ ಮೊನೆಗಳ ಅಡಿಗೆ ಇಡಿ. ಆರು ಮೊನೆಗಳು, ಮೂರು ಅಷ್ಟಫಲಕಗಳು. ಒಂದೊಂದು ಅಷ್ಟಫಲಕಕ್ಕೆ ಎರಡೆರಡು ಮೊನೆ ಸಿಗುತ್ತವೆ. ಸರಿಯಾಗಿ ಕುಳಿತಾಗ ಕೈಗೇ ತಿಳಿಯುತ್ತದೆ. ಮೂರೂ ಸೇರುವ ಆ ನಡುಮೂಲೆ ಉಂಗುರದ ನಟ್ಟನಡುವೆ ಬರುತ್ತದೆ. ಅದನ್ನು ಕೆಂಪು ಶಾಯಿಯಲ್ಲಿ ಗುರುತಿಸಿಡಿ, ಕೊನೆಯಲ್ಲಿ ಬೇಕಾಗುತ್ತದೆ. ಅಷ್ಟಫಲಕಗಳ ಅಡಿಯಲ್ಲಿ ಮೂರು ಚಪ್ಪಟೆ ತ್ರಿಕೋನಗಳನ್ನು ಅಂಟಿಸಿ. ಇವು ಬೋರಾನ್ ಸುತ್ತ ಮೂರು ಆಮ್ಲಜನಕಗಳು ಒಂದೇ ಸಮತಲದಲ್ಲಿ ನಿಂತ ಗುಂಪುಗಳು. ಉಂಗುರದ ಮೇಲಿನ ಚಪ್ಪಟೆ ಮೈಯ ನಡುವೆ ಒಂದು ಹೆಸರುಬೇಳೆಯನ್ನೋ ಮಣಿಯನ್ನೋ ಇಡಿ, ಅದು ಸೋಡಿಯಂ ಕೂರುವ ಜಾಗ. ಅದರ ಸುತ್ತ ಒಂಬತ್ತು ಆಮ್ಲಜನಕಗಳಿವೆ.

ಇಂಥ ಗಂಟುಗಳನ್ನು ಒಂದಕ್ಕೊಂದು ಬಿಗಿಯುವುದು ಇನ್ನೊಂದು ಬಗೆಯ ಅಷ್ಟಫಲಕಗಳು. ಅವುಗಳಲ್ಲಿ ಮುಖ್ಯವಾಗಿ ಅಲ್ಯೂಮಿನಿಯಂ. ಗಂಟಿನ ಸುತ್ತಲೂ ಆರು, ಹರಳಿನ ಉದ್ದಕ್ಕೆ ಸುರುಳಿಯಾಗಿ ಏರುತ್ತ ಹೋಗುತ್ತವೆ. ಇವನ್ನೂ ಕಾಗದದಲ್ಲಿ ಮಾಡಿ ಅಂಟಿಸಬಹುದು, ಆದರೆ ಒಂದು ಗಂಟಿಗೆ ಸಂಜೆ ಕಳೆಯುತ್ತದೆ, ಮನೆಯವರಿಂದ ಬೈಗುಳವೂ ಸಿಗುತ್ತದೆ. ಚಿತ್ರ ನೋಡಿ ಅರ್ಥ ಮಾಡಿಕೊಂಡರೆ ಸಾಕು. ಮುಖ್ಯ ಸಂಗತಿ ಎಂದರೆ, ಈ ಸುರುಳಿಗಳಿಂದಾಗಿ ಎಲ್ಲ ದಿಕ್ಕಿನಲ್ಲಿಯೂ ಬಂಧ ಗಟ್ಟಿಯಾಗುತ್ತದೆ. ಬಂಧ ಸಡಿಲವಾದ ಒಂದು ಸಮತಲವೂ ಇಲ್ಲದ ಮೇಲೆ ಕಲ್ಲು ಸೀಳುವುದಾದರೂ ಎಲ್ಲಿ? ಮೊದಲು ನೋಡಿದ ಅಡ್ಡಾದಿಡ್ಡಿ ಒಡೆತಕ್ಕೂ ಕಾಠಿಣ್ಯಕ್ಕೂ ಕಾರಣ ಸಿಕ್ಕಿತು.

ನಿಮ್ಮ ಮಾದರಿಯ ಅಳತೆಯಲ್ಲಿ ಮುಂದಿನ ಗಂಟು ಸುಮಾರು 14 ಸೆಂಟಿಮೀಟರ್ ಮೇಲೆ ಮತ್ತೆ ಬರುತ್ತದೆ. ನಿಜದಲ್ಲಿ ಅದು 7.1–7.2 ಆಂಗ್‌ಸ್ಟ್ರಾಮ್, ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಅಡ್ಡಕ್ಕೆ ಪುನರಾವರ್ತನೆ ಸುಮಾರು 15.9 ಆಂಗ್‌ಸ್ಟ್ರಾಮ್. ಕಾಗದದಲ್ಲಿ ಅದು 30 ಸೆಂಟಿಮೀಟರ್. ಎಕ್ಸ್‌ರೇ ಮೂಲಕ ಈ ವಿನ್ಯಾಸವನ್ನು ಹ್ಯಾಂಬರ್ಗರ್ ಮತ್ತು ಬರ್ಗರ್ ಎಂಬ ವಿಜ್ಞಾನಿಗಳು 1948ರಲ್ಲಿ ಪ್ರಕಟಿಸಿದರು.

ಎಲ್ಲ ಮೊನೆಗಳೂ ಒಂದೇ ಕಡೆ ಎಂಬುದರ ಇನ್ನೊಂದು ಫಲವನ್ನು ಮನೆಯಲ್ಲೇ ನೋಡಬಹುದು. ತಿಳಿಬಣ್ಣದ ಒಂದು ಟೂರ್ಮಲೀನ್ ಹರಳು ಬೇಕು. ಕಬ್ಬಿಣ ತುಂಬಿದ ಕಪ್ಪಿನಲ್ಲಿ ಪರಿಣಾಮ ಮಂದ. ಬೆಲೆಬಾಳುವ ಕಲ್ಲಾದರೆ ಬೇಡ, ಬಿರುಕು ಬಿಡಬಹುದು. ಹವೆ ಒಣಗಿರುವ ದಿನ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಿ, ಮರದ ಚಿಮುಟದಲ್ಲಿ ಎತ್ತಿ, ತಣಿಯುತ್ತಿರುವಾಗಲೇ ಅದರ ತುದಿಯನ್ನು ಊದುಬತ್ತಿಯ ಬೂದಿಗೆ ಹಿಡಿಯಿರಿ. ಬೂದಿಯ ಕಣಗಳು ಎದ್ದು ತುದಿಗೆ ಅಂಟಿಕೊಳ್ಳುತ್ತವೆ. ಉಷ್ಣತೆ ಬದಲಾಗುವಾಗ ಒಂದು ತುದಿಯಲ್ಲಿ ಧನ, ಇನ್ನೊಂದರಲ್ಲಿ ಋಣ ವಿದ್ಯುದಂಶ ಕಾಣಿಸಿಕೊಳ್ಳುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಶ್ರೀಲಂಕಾದಿಂದ ಈ ಕಲ್ಲನ್ನು ಒಯ್ದ ಡಚ್ಚರು ಇದನ್ನು ಕಂಡಿದ್ದರು. 1756ರಲ್ಲಿ ಏಪಿನಸ್ ಎಂಬ ಜರ್ಮನ್ ವಿಜ್ಞಾನಿ ಎರಡು ತುದಿಗಳ ವಿದ್ಯುತ್ತನ್ನು ಸರಿಯಾಗಿ ಪರೀಕ್ಷಿಸಿದ. ಒತ್ತಿದಾಗಲೂ ಹೀಗೆಯೇ ಆಗುತ್ತದೆ ಎಂಬುದು 1880ರಲ್ಲಿ ಕ್ಯೂರಿ ಸಹೋದರರ ಪ್ರಯೋಗದಿಂದ ಗೊತ್ತಾಯಿತು. ಅವರು ಬಳಸಿದ ಹರಳುಗಳಲ್ಲಿ ಟೂರ್ಮಲೀನೂ ಒಂದು. ಮಳೆಗಾಲದಲ್ಲಿ ಪ್ರಯತ್ನಿಸಬೇಡಿ, ತೇವದ ಗಾಳಿಯಲ್ಲಿ ವಿದ್ಯುದಂಶ ಸೋರಿಹೋಗುತ್ತದೆ. ಅಂದ ಹಾಗೆ, ಕಪ್ಪು ಟೂರ್ಮಲೀನಿನ ಕೈಬಳೆ ತೊಟ್ಟರೆ ಅದು ಸದಾ ಋಣ ಅಯಾನು ಸೂಸುತ್ತದೆ ಎಂದು ಮಾರುವವರಿದ್ದಾರೆ. ಉಷ್ಣತೆಯಾಗಲಿ ಒತ್ತಡವಾಗಲಿ ಬದಲಾಗದೆ ಇದ್ದರೆ ಹೊಸ ವಿದ್ಯುದಂಶ ಏಳುವುದಿಲ್ಲ, ಎದ್ದದ್ದೂ ನಿಲ್ಲುವುದಿಲ್ಲ. ಚಂದಕ್ಕೆ ತೊಡಿ, ಬೇಡವೆಂದವರಾರು.

ಎಲೆ ಹಾಕಿದ್ದಾಗಿದೆ, ಕೂರುವವರು ಯಾರು?

ಟೂರ್ಮಲೀನಿನ ಸಾಮಾನ್ಯ ಸೂತ್ರವನ್ನು ಹೀಗೆ ಬರೆಯುತ್ತಾರೆ: ಎಕ್ಸ್ ವೈ₃ ಝಡ್₆ (ಟಿ₆ ಆಮ್ಲಜನಕ₁₈) (ಬೋರಾನ್ ಆಮ್ಲಜನಕ₃)₃ ವಿ₃ ಡಬ್ಲ್ಯು. ಮದುವೆಯ ಪಂಕ್ತಿಯಲ್ಲಿ ಎಲೆ ಹಾಕಿಟ್ಟ ಹಾಗೆ ಇದು. ಎಲೆಗಳ ಲೆಕ್ಕ ಬದಲಾಗುವುದಿಲ್ಲ. ಕೂರುವವರು ಬದಲಾಗುತ್ತಾರೆ, ಕೆಲವೊಮ್ಮೆ ಎಲೆ ಖಾಲಿಯೂ ಉಳಿಯುತ್ತದೆ.

ನೀವು ಮಣಿ ಇಟ್ಟ ಜಾಗ ಎಕ್ಸ್. ಅಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಸ್ವಲ್ಪ ಪೊಟ್ಯಾಸಿಯಂ, ಇಲ್ಲವೇ ಯಾರೂ ಇಲ್ಲ. ಉಂಗುರದ ಚತುಷ್ಫಲಕಗಳು ಟಿ, ಅಲ್ಲಿ ಸಿಲಿಕಾನ್. ಅಪರೂಪಕ್ಕೆ ಅಲ್ಯೂಮಿನಿಯಂ ಅಥವಾ ಬೋರಾನ್ ನುಸುಳುತ್ತದೆ. ಸುರುಳಿಯ ಆರು ಸ್ಥಾನಗಳು ಝಡ್, ಅಲ್ಯೂಮಿನಿಯಂನ ಖಾಸಾ ಜಾಗ. ಚಪ್ಪಟೆ ತ್ರಿಕೋನದ ಮೂರು ಬೋರಾನುಗಳು ಅಲುಗಾಡುವವಲ್ಲ.

ಉಳಿದದ್ದು ವೈ, ಉಂಗುರದ ಅಡಿಯ ಆ ಮೂರು ಅಷ್ಟಫಲಕಗಳು. ಇಡೀ ಕುಟುಂಬದ ಬಣ್ಣ, ಹೆಸರು, ಬೆಲೆ ಎಲ್ಲವೂ ಬಹುಪಾಲು ಇಲ್ಲಿ ತೀರ್ಮಾನವಾಗುತ್ತವೆ. ಎಕ್ಸ್‌ನಲ್ಲಿ ಸೋಡಿಯಂ ಇದ್ದು ವೈಯಲ್ಲಿ ಮೂರೂ ಕಬ್ಬಿಣವಾದರೆ ಶೋರ್ಲ್. ಮೂರೂ ಮೆಗ್ನೀಸಿಯಂ ಆದರೆ ಡ್ರಾವೈಟ್, ಸಾಮಾನ್ಯವಾಗಿ ಕಂದು. ಒಂದೂವರೆ ಲಿಥಿಯಂ, ಒಂದೂವರೆ ಅಲ್ಯೂಮಿನಿಯಂ ಆದರೆ ಎಲ್ಬೈಟ್, ಒಡವೆಯಂಗಡಿಯ ಬಣ್ಣದ ಟೂರ್ಮಲೀನುಗಳಲ್ಲಿ ಹೆಚ್ಚಿನವು ಇದೇ. ಒಂದೂವರೆ ಏಕೆ ಎಂಬ ಪ್ರಶ್ನೆ ಏಳಬೇಕು. ಎರಡು ಧನ ಆವೇಶದ (ಆವೇಶ ಎಂದರೆ ವಿದ್ಯುದಂಶವೇ) ಕಬ್ಬಿಣ ಮೂರು ಇದ್ದಾಗ ಒಟ್ಟು ಆರು. ಒಂದು ಆವೇಶದ ಲಿಥಿಯಂ ಮತ್ತು ಮೂರು ಆವೇಶದ ಅಲ್ಯೂಮಿನಿಯಂ ಸೇರಿ ಅದೇ ಆರು ಆಗಬೇಕಾದರೆ ಅರ್ಧರ್ಧವೇ ದಾರಿ. ಕಬ್ಬಿಣ ಮೂರೂ ಎಲೆ ಹಿಡಿದ ಕಡುಗಪ್ಪು ಕಲ್ಲಿನಲ್ಲಿ ಲಿಥಿಯಂಗೆ ಜಾಗ ಉಳಿಯದಿರುವುದು ಹೀಗೆ.

ಬಣ್ಣ ನೋಡಿ ಹೆಸರಿಡುವ ಚಟ ಮಾತ್ರ ಬಿಡಿ. ಎಲ್ಬೈಟಿಗೆ ತುಸು ಮ್ಯಾಂಗನೀಸ್ ಸೇರಿದರೆ ಗುಲಾಬಿ, ಕಬ್ಬಿಣ ಸೇರಿದರೆ ಹಸಿರು ಅಥವಾ ನೀಲಿ. 1980ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನ ಪಾರಾಯಿಬಾದಿಂದ ಬಂದ, ಕಣ್ಣು ಕುಕ್ಕುವ ನೀಲಿಹಸಿರಿಗೆ ತಾಮ್ರ ಕಾರಣ. ಇವೆಲ್ಲವೂ ಎಲ್ಬೈಟೇ. ಬಣ್ಣ ಹಚ್ಚುವ ಧಾತು ಶೇಕಡಾ ಒಂದರ ಆಸುಪಾಸಿನಲ್ಲಿದ್ದರೂ ಸಾಕು, ಹೆಸರು ನಿರ್ಧರಿಸಲು ಅದು ಸಾಲದು.

ವಿ ಮತ್ತು ಡಬ್ಲ್ಯು ಎಂಬವು ಹೈಡ್ರಾಕ್ಸಿಲ್ (ಆಮ್ಲಜನಕ, ಹೈಡ್ರೋಜನ್‌ಗಳ ಜೋಡಿ), ಆಮ್ಲಜನಕ ಅಥವಾ ಫ್ಲೋರಿನ್ ಕೂರುವ ಮೂಲೆಗಳು. ಕೆಂಪು ಶಾಯಿ ಹಚ್ಚಿದ ನಡುಮೂಲೆಯೇ ಡಬ್ಲ್ಯು, ಫ್ಲೋರಿನ್ ಬಂದರೆ ಅಲ್ಲಿಗೇ ಬರುತ್ತದೆ. ಹಾಗೆ ಬಂದು ಬಹುಮತ ಪಡೆದರೆ ಹೆಸರಿನ ಆರಂಭಕ್ಕೆ ಫ್ಲೋರ್ ಎಂದೂ ಆಮ್ಲಜನಕವಾದರೆ ಆಕ್ಸಿ ಎಂದೂ ಸೇರಿಸುತ್ತಾರೆ. ಒಟ್ಟು 30ಕ್ಕೂ ಹೆಚ್ಚು ಹೆಸರುಗಳಿವೆ, ಅಷ್ಟನ್ನೂ ಕಲಿಯುವ ಹುಚ್ಚು ಬೇಡ.

ಲೆಕ್ಕ

ಹರಳಿನ ಒಂದು ಸಣ್ಣ ಬಿಂದುವಿಗೆ ಎಲೆಕ್ಟ್ರಾನ್ ಹಾಯಿಸಿ ಅದರ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಿಂದ ಬರುವ ವಿಶ್ಲೇಷಣೆ ಆಕ್ಸೈಡುಗಳ ತೂಕದ ಶೇಕಡಾವಾರು ರೂಪದಲ್ಲಿರುತ್ತದೆ. ಅಭ್ಯಾಸಕ್ಕಾಗಿ ನಾನೇ ಹೆಣೆದ ಅಂಕಿಗಳು ಇವು: ಸಿಲಿಕಾ 35.81, ಅಲ್ಯೂಮಿನಾ 30.89, ಕಬ್ಬಿಣದ ಆಕ್ಸೈಡ್ 11.42, ಮೆಗ್ನೀಸಿಯಾ 5.21, ಕ್ಯಾಲ್ಸಿಯಂ ಆಕ್ಸೈಡ್ 0.56, ಸೋಡಿಯಂ ಆಕ್ಸೈಡ್ 2.16. ಕೂಡಿದರೆ 86.05. ಇಲ್ಲಿ ಮಕ್ಕಳು ಗಾಬರಿಯಾಗುತ್ತಾರೆ, ಯಂತ್ರ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿಲ್ಲ. ಹೈಡ್ರೋಜನ್ ಮತ್ತು ಲಿಥಿಯಂ ಆ ಯಂತ್ರಕ್ಕೆ ಕಾಣುವುದಿಲ್ಲ, ಬೋರಾನ್ ಅಳೆಯುವುದು ಕಷ್ಟ. ಟೂರ್ಮಲೀನಿನಲ್ಲಿ ಮೊತ್ತ 100ರ ಹತ್ತಿರ ಬಂದಿದ್ದರೆ ಆಗ ಅನುಮಾನ ಪಡಬೇಕಿತ್ತು.

ಪ್ರತಿ ಆಕ್ಸೈಡಿನ ಅಂಕಿಯನ್ನು ಅದರ ಅಣುತೂಕದಿಂದ ಭಾಗಿಸಿ. ಆ ಆಕ್ಸೈಡಿನಲ್ಲಿ ಲೋಹದ ಪರಮಾಣು ಎರಡಿದ್ದರೆ ಎರಡರಿಂದ ಗುಣಿಸಿ. ಸಿಲಿಕಾನ್: 35.81 ÷ 60.08 = 0.5960. ಅಲ್ಯೂಮಿನಿಯಂ: 30.89 ÷ 101.96 × 2 = 0.6059. ಕಬ್ಬಿಣ: 11.42 ÷ 71.84 = 0.1590. ಮೆಗ್ನೀಸಿಯಂ: 5.21 ÷ 40.30 = 0.1293. ಕ್ಯಾಲ್ಸಿಯಂ: 0.56 ÷ 56.08 = 0.0100. ಸೋಡಿಯಂ: 2.16 ÷ 61.98 × 2 = 0.0697.

ಈಗ ಪಂಕ್ತಿಯ ಲೆಕ್ಕ ನೆನಪಿಸಿಕೊಳ್ಳಿ. ವೈ ಮೂರು, ಝಡ್ ಆರು, ಟಿ ಆರು, ಒಟ್ಟು ಹದಿನೈದು. ಇವು ಖಾಲಿ ಬೀಳುವುದು ತೀರ ಕಡಿಮೆ. ಹಾಗಾಗಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಮೆಗ್ನೀಸಿಯಂ ಈ ನಾಲ್ಕನ್ನು ಕೂಡಿದ ಮೊತ್ತ, 1.4902, ಹದಿನೈದಕ್ಕೆ ಸಮವಾಗಬೇಕು. ಗುಣಕ 15 ÷ 1.4902 = 10.066. ಸೋಡಿಯಂ, ಕ್ಯಾಲ್ಸಿಯಂಗಳನ್ನು ಈ ಮೊತ್ತಕ್ಕೆ ಸೇರಿಸಬೇಡಿ, ಅವುಗಳ ಎಲೆ ಬೇರೆ, ಖಾಲಿಯೂ ಇರಬಹುದಾದ ಎಲೆ. ಗುಣಿಸುವಾಗ ಮಾತ್ರ ಅವನ್ನೂ ಗುಣಿಸಿ. ಬರುವುದು: ಸಿಲಿಕಾನ್ 6.00, ಅಲ್ಯೂಮಿನಿಯಂ 6.10, ಕಬ್ಬಿಣ 1.60, ಮೆಗ್ನೀಸಿಯಂ 1.30, ಕ್ಯಾಲ್ಸಿಯಂ 0.10, ಸೋಡಿಯಂ 0.70.

ಕೂರಿಸುವ ಕ್ರಮ ಹೀಗೆ. ಸಿಲಿಕಾನ್ ಆರೂ ಟಿಗೆ. ಆರಕ್ಕೆ ಸ್ವಲ್ಪ ಕಡಿಮೆಯಾಗಿದ್ದರೆ ಅಲ್ಯೂಮಿನಿಯಂನಿಂದ ತುಂಬಬೇಕಿತ್ತು. ಅಲ್ಯೂಮಿನಿಯಂನಲ್ಲಿ ಆರು ಝಡ್‌ಗೆ, ಮಿಕ್ಕ 0.10 ವೈಗೆ. ಕಬ್ಬಿಣ, ಮೆಗ್ನೀಸಿಯಂ ಪೂರ್ತಿ ವೈಗೆ: 0.10, 1.60, 1.30 ಸೇರಿ ಸರಿಯಾಗಿ 3.00. ಹರಳಿನೊಳಗೆ ಮೆಗ್ನೀಸಿಯಂ ಒಂದಿಷ್ಟು ಝಡ್‌ಗೆ ಹೋಗಿ ಅಷ್ಟೇ ಅಲ್ಯೂಮಿನಿಯಂ ವೈಗೆ ಬರುವುದುಂಟು. ಅದನ್ನು ಹೇಳಬೇಕಾದದ್ದು ಎಕ್ಸ್‌ರೇ, ನಮ್ಮ ಕೂಡುವಿಕೆಯಲ್ಲ. ಎಕ್ಸ್‌ನಲ್ಲಿ ಸೋಡಿಯಂ 0.70, ಕ್ಯಾಲ್ಸಿಯಂ 0.10, ಖಾಲಿ 0.20.

ಆವೇಶ ಹೊಂದುತ್ತದೆಯೇ ಎಂದು ನೋಡದೆ ಪುಟ ಮುಚ್ಚಬೇಡಿ. ಸೋಡಿಯಂ 0.7, ಕ್ಯಾಲ್ಸಿಯಂ 0.2, ಕಬ್ಬಿಣ 3.2, ಮೆಗ್ನೀಸಿಯಂ 2.6, ಅಲ್ಯೂಮಿನಿಯಂ 18.3, ಸಿಲಿಕಾನ್ 24, ಮೂರು ಬೋರಾನಿಗೆ 9. ಒಟ್ಟು 58. ಇನ್ನೊಂದು ಕಡೆ 27 ಆಮ್ಲಜನಕಕ್ಕೆ 54, ನಾಲ್ಕು ಹೈಡ್ರಾಕ್ಸಿಲ್‌ಗೆ 4, ಅದೂ 58. ಧನ ಆವೇಶ 58ನ್ನು ಮೀರಿದ್ದರೆ ಕೆಲವು ಹೈಡ್ರಾಕ್ಸಿಲ್ ಬದಲು ಬರಿ ಆಮ್ಲಜನಕ ಇದೆಯೆಂದೂ, 58ಕ್ಕೆ ಕಡಿಮೆ ಬಿದ್ದಿದ್ದರೆ ಕಬ್ಬಿಣವನ್ನೆಲ್ಲ ಎರಡು ಆವೇಶದ್ದೆಂದು ಎಣಿಸಿದ್ದು ಸರಿಯೇ ಎಂದೂ ಯೋಚಿಸಬೇಕು. ಈಗ ಬೋರಾನನ್ನು ಅದರ ಆಕ್ಸೈಡಾಗಿ, ಹೈಡ್ರಾಕ್ಸಿಲನ್ನು ನೀರಾಗಿ ತಿರುಗಿ ತೂಕದ ಶೇಕಡಾವಾರಿಗೆ ಇಳಿಸಿದರೆ 10.37 ಮತ್ತು 3.58 ಬರುತ್ತವೆ. 86.05ಕ್ಕೆ ಕೂಡಿ ನೋಡಿ.

ಹೆಸರು: ಎಕ್ಸ್‌ನಲ್ಲಿ ಸೋಡಿಯಂಗೆ ಬಹುಮತ, ವೈಯಲ್ಲಿ ಕಬ್ಬಿಣ ಮೆಗ್ನೀಸಿಯಂಗಿಂತ ಮುಂದೆ, ಡಬ್ಲ್ಯುನಲ್ಲಿ ಹೈಡ್ರಾಕ್ಸಿಲ್. ಮೆಗ್ನೀಸಿಯಂ ಹೆಚ್ಚಿರುವ ಶೋರ್ಲ್. 0.15ರಷ್ಟು ಕಬ್ಬಿಣ ಕಡಿಮೆಯಾಗಿ ಅಷ್ಟು ಮೆಗ್ನೀಸಿಯಂ ಹೆಚ್ಚಾಗಿದ್ದರೆ ಎರಡೂ ಸಮವಾಗುತ್ತಿದ್ದವು, ಅದರಾಚೆ ಇದೇ ಕಲ್ಲು ಡ್ರಾವೈಟ್.

ಲಿಥಿಯಂ ಇರುವ ಕಲ್ಲಿಗೆ ಈ ಹದಿನೈದರ ಲೆಕ್ಕ ಹೊಂದುವುದಿಲ್ಲ, ಆದರೆ ಅದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಆದರ್ಶ ಎಲ್ಬೈಟನ್ನೇ ಹೀಗೆ ಲೆಕ್ಕ ಹಾಕಿದರೆ ಸಿಲಿಕಾನ್ 6.67 ಬರುತ್ತದೆ. ಆರು ಎಲೆಗೆ ಆರೂವರೆಗಿಂತ ಹೆಚ್ಚು ಜನ ಬಂದರೆ ಎಲ್ಲೋ ಕಾಣದವರು ಕೂತಿದ್ದಾರೆ ಎಂದರ್ಥ. ಆಗ ಸಿಲಿಕಾನನ್ನು ಆರಕ್ಕೆ ಕಟ್ಟಿ ಗುಣಕ ತೆಗೆಯಿರಿ, ಉಳಿದವನ್ನು ಅದರಿಂದ ಗುಣಿಸಿ, ಹದಿನೈದಕ್ಕೆ ಎಷ್ಟು ಕೊರತೆ ಬಿತ್ತೋ ಅಷ್ಟು ಲಿಥಿಯಂ ಎಂದು ಬರೆದುಕೊಳ್ಳಿ. ಇದು ಅಂದಾಜು, ಅಳತೆಯಲ್ಲ. ವರದಿಯಲ್ಲಿ ಹಾಗೆಂದೇ ನಮೂದಿಸಿ.

ಇನ್ನೊಂದು ಮಾತು. ಟೂರ್ಮಲೀನ್ ಬೆಳೆಯುತ್ತ ಬೆಳೆಯುತ್ತ ತನ್ನ ಸುತ್ತಲಿನ ದ್ರವ ಬದಲಾದಂತೆ ವೈ ಸ್ಥಾನದವರನ್ನು ಬದಲಿಸುತ್ತ ಹೋಗುತ್ತದೆ, ಕೂತವರು ಆಮೇಲೆ ಸುಲಭವಾಗಿ ಏಳುವುದಿಲ್ಲ. ನಡುವೆ ಗುಲಾಬಿ, ಅಂಚಿಗೆ ಹಸಿರು ಇರುವ ಹರಳುಗಳು ಆದದ್ದು ಹೀಗೆ. ಕಪ್ಪು ಹರಳಿನಲ್ಲಿಯೂ ಕಣ್ಣಿಗೆ ಕಾಣದ ಪಟ್ಟೆಗಳಿರುತ್ತವೆ. ಆದ್ದರಿಂದ ನಡುವಿನಿಂದ ಅಂಚಿನವರೆಗೆ ಸಾಲಾಗಿ ಬಿಂದುಗಳನ್ನು ವಿಶ್ಲೇಷಿಸಿ, ಒಂದೊಂದಕ್ಕೂ ಬೇರೆ ಲೆಕ್ಕ ಹಾಕಿ, ಬಿಂದುವಿನ ಜಾಗವನ್ನು ಹರಳಿನ ಚಿತ್ರದ ಮೇಲೆ ಗುರುತಿಸಿಡಿ. ಎಲ್ಲ ಬಿಂದುಗಳ ಸರಾಸರಿ ತೆಗೆದು ಒಂದೇ ಸೂತ್ರ ಬರೆದು ತಂದರೆ ನಾನಂತೂ ವಾಪಸ್ ಕಳಿಸುತ್ತೇನೆ.